ಟೇಬಲ್ ಬರೆಯೋ ಮೊದಲೇ ಜಾಗ ಅಳೆದವರು: ಮಹಾವೀರಾಚಾರ್ಯ

ಸಿ ಲ್ಯಾಬ್‌ನಲ್ಲಿ ಎಲ್ಲರೂ ಒಮ್ಮೆಯಾದರೂ ನೋಡಿರೋ ವಿಚಿತ್ರ ಇದು. ಹತ್ತು ಇಂಟಿಜರ್‌ಗಳ ಒಂದು ಅರೇ ಮಾಡ್ತೀವಿ. ಅದರ ಒಟ್ಟು ಸೈಜನ್ನು ಒಂದು ಮನೆಯ ಸೈಜ್‌ನಿಂದ ಭಾಗಿಸಿದರೆ 10 ಅಂತ ಸರಿಯಾಗಿ ಬರುತ್ತೆ. ಅದೇ ಅರೇಯನ್ನು ಇನ್ನೊಂದು ಫಂಕ್ಷನ್‌ಗೆ ಕಳಿಸಿ, ಅಲ್ಲಿ ಅದೇ ಭಾಗಾಕಾರ ಮಾಡಿ ನೋಡಿ. 64 ಬಿಟ್ ಮೆಷಿನ್‌ನಲ್ಲಿ 2 ಅಂತ ಬರುತ್ತೆ! ಫಂಕ್ಷನ್ ಒಳಗೆ ಹೋದದ್ದು ಅರೇ ಅಲ್ಲ, ಬರೀ ಅದರ ವಿಳಾಸ. ವಿಳಾಸ ಇಡೋಕೆ 8 ಬೈಟ್, ಒಂದು ಇಂಟಿಜರ್‌ಗೆ 4 ಬೈಟ್, ಉತ್ತರ 2. ಅರೇಗೆ ತಾನು ಎಷ್ಟು ಉದ್ದ ಅನ್ನೋದೇ ಮರೆತುಹೋಗಿರುತ್ತೆ. ಅದಕ್ಕೇ ಉದ್ದವನ್ನು ನಾವೇ ಬೇರೆಯಾಗಿ ಲೆಕ್ಕ ಹಾಕಿ ಜೊತೆಗೆ ಕಳಿಸಬೇಕು.

ಇದು ವೈವಾದಲ್ಲಿ ಎರಡು ಮಾರ್ಕ್ಸ್‌ಗೆ ಕೇಳೋ ಪ್ರಶ್ನೆ ಮಾತ್ರ ಅಲ್ಲ. 1988ರ ನವೆಂಬರ್‌ನಲ್ಲಿ ಇಂಟರ್ನೆಟ್‌ನ ದೊಡ್ಡ ಭಾಗವನ್ನೇ ಮಲಗಿಸಿದ ಮೋರಿಸ್ ವರ್ಮ್ ಹಿಡಿದ ದಾರಿಗಳಲ್ಲಿ ಇದೂ ಒಂದು. 512 ಬೈಟ್ ಜಾಗ ಇದ್ದ ಕಡೆ ಅದಕ್ಕಿಂತ ಹೆಚ್ಚು ತುಂಬಿದ್ದು, ತುಂಬುವಾಗ ಎಷ್ಟು ಜಾಗ ಇದೆ ಅಂತ ಆ ಪ್ರೋಗ್ರಾಂ ಕೇಳದೇ ಇದ್ದದ್ದು.

ಬರೆಯೋ ಮೊದಲು ಎಷ್ಟು ಜಾಗ ಬೇಕು ಅಂತ ಕೇಳಿ, ಅದಕ್ಕೊಂದು ಸೂತ್ರವನ್ನೂ ಬರೆದಿಟ್ಟ ಒಬ್ಬರು ನಮ್ಮ ಕರ್ನಾಟಕದಲ್ಲಿದ್ದರು. ಸುಮಾರು 1,170 ವರ್ಷದ ಹಿಂದೆ. ಹೆಸರು ಮಹಾವೀರಾಚಾರ್ಯ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಗೂಗಲ್‌ನಲ್ಲಿ ಮಹಾವೀರ ಅಂತ ಹಾಕಿದರೆ ಬರೋದು ಇಪ್ಪತ್ನಾಲ್ಕನೇ ತೀರ್ಥಂಕರ ವರ್ಧಮಾನ ಮಹಾವೀರ. ನಮ್ಮವರು ಅವರಲ್ಲ. ಅವರಿಗಿಂತ ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಈಚೆಯವರು, ಅವರ ಅನುಯಾಯಿ, ದಿಗಂಬರ ಜೈನ ಪಂಥದ ಗಣಿತಜ್ಞ.

ಇವರ ಬಯೋಡೇಟಾ ಅರ್ಧ ಪುಟವೂ ಆಗಲ್ಲ. ತಂದೆ ತಾಯಿ ಯಾರು, ಯಾವ ಊರು, ಯಾವಾಗ ಹುಟ್ಟಿದ್ದು, ಏನನ್ನೂ ಅವರು ಬರೆದಿಟ್ಟಿಲ್ಲ. ಬಿಟ್ಟುಹೋದದ್ದು ಒಂದೇ ಒಂದು ಪುಸ್ತಕ: ಗಣಿತಸಾರಸಂಗ್ರಹ. ಹಾಗಾದ್ರೆ ಕಾಲ ಹೇಗೆ ಗೊತ್ತಾಯ್ತು? ಪುಸ್ತಕದ ಆರಂಭದಲ್ಲಿ ಅವರು ಅಮೋಘವರ್ಷ ನೃಪತುಂಗನನ್ನು ಹೊಗಳಿ, ಅವನ ಆಳ್ವಿಕೆ ಏಳಿಗೆಯಾಗಲಿ ಅಂತ ಹಾರೈಸಿದ್ದಾರೆ. ಸತ್ತ ರಾಜನಿಗೆ ಯಾರೂ ಹಾಗೆ ಹಾರೈಸಲ್ಲ. ಅಮೋಘವರ್ಷ ಆಳಿದ್ದು ಸುಮಾರು 814ರಿಂದ 878ರವರೆಗೆ. ಆದ್ದರಿಂದ ಪುಸ್ತಕ ಆ 64 ವರ್ಷದ ಒಳಗಿನದ್ದು, ವಿದ್ವಾಂಸರು ಸಾಮಾನ್ಯವಾಗಿ 850ರ ಸುಮಾರು ಅಂತ ಇಡ್ತಾರೆ.

ಅಮೋಘವರ್ಷ ಅಂದ್ರೆ ಕವಿರಾಜಮಾರ್ಗದ ನೃಪತುಂಗನೇ. ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದವನು. ಆ ಕಾಲದ ಓದಿನ ವಾತಾವರಣ ಹೇಗಿತ್ತು ಅನ್ನೋದಕ್ಕೆ ಒಂದು ಉದಾಹರಣೆ ಸಾಕು. ಅವನು ಪಟ್ಟಕ್ಕೆ ಬಂದ ಹೊಸದರಲ್ಲೇ, 816ರಲ್ಲಿ, ವೀರಸೇನ ಅನ್ನುವ ಜೈನ ಆಚಾರ್ಯರು ಧವಲಾ ಟೀಕೆ ಮುಗಿಸಿದರು. ಅದರಲ್ಲಿ ಅರ್ಧಚ್ಛೇದ ಅನ್ನೋ ಪರಿಕಲ್ಪನೆ ಬರುತ್ತೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಅನ್ನೋ ಎಣಿಕೆ. 32ಕ್ಕೆ 5, 64ಕ್ಕೆ 6. ನಾವು ಅದನ್ನು ಲಾಗ್ ಬೇಸ್ 2 ಅಂತೀವಿ. ಬೈನರಿ ಸರ್ಚ್‌ನ ಕಾಂಪ್ಲೆಕ್ಸಿಟಿ ಬರೆಯುವಾಗ ಬರೋ ಅದೇ ಲಾಗ್. ಅರ್ಧ ಮಾಡೋದು, ದ್ವಿಗುಣ ಮಾಡೋದು ಇಂಥವರಿಗೆ ಕೈಯಾಡಿಸಿ ಪಳಗಿದ ಕೆಲಸ ಆಗಿತ್ತು.

ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದೆ. ಒಂಬತ್ತು ಅಧ್ಯಾಯ, ಸಾವಿರಕ್ಕೂ ಹೆಚ್ಚು ಪದ್ಯ. ಆರ್ಯಭಟ, ಬ್ರಹ್ಮಗುಪ್ತ ಇವರೆಲ್ಲ ಗಣಿತವನ್ನು ಖಗೋಳದ ಪುಸ್ತಕದಲ್ಲಿ ಒಂದೆರಡು ಅಧ್ಯಾಯವಾಗಿ ಸೇರಿಸಿದವರು. ಮಹಾವೀರರು ಗ್ರಹಗತಿಗೆ ಕೈ ಹಾಕಲೇ ಇಲ್ಲ, ಪುಸ್ತಕ ಪೂರ್ತಿ ಗಣಿತ. ಆದರೆ ಗಣಿತ ಎಲ್ಲೆಲ್ಲಿ ಬೇಕು ಅನ್ನೋ ಪಟ್ಟಿಯನ್ನು ಮೊದಲ ಅಧ್ಯಾಯದಲ್ಲೇ ಕೊಟ್ಟಿದ್ದಾರೆ, ಓದಿದರೆ ಖುಷಿಯಾಗುತ್ತೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ಅಡುಗೆ, ವೈದ್ಯ, ಕಟ್ಟಡ, ತರ್ಕ, ವ್ಯಾಕರಣ, ಕಾಮಶಾಸ್ತ್ರ ಕೂಡ. ಆ ಪಟ್ಟಿಯಲ್ಲಿ ಛಂದಸ್ಸೂ ಇದೆ. ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಲೆಕ್ಕಗಳಂತೂ ಪಾಠಪುಸ್ತಕದ ಒಣ ಲೆಕ್ಕಗಳಲ್ಲ. ಜೇನುಹುಳ, ಆನೆ, ನವಿಲು ಎಲ್ಲ ಬರ್ತವೆ. ಗಂಡ ಹೆಂಡತಿ ಜಗಳದಲ್ಲಿ ಮುತ್ತಿನ ಹಾರ ಹರಿದು ಮುತ್ತು ಚೆಲ್ಲಾಪಿಲ್ಲಿಯಾಗಿ, ಹಾಸಿಗೆ ಮೇಲೆ ಇಷ್ಟು ಭಾಗ ನೆಲದ ಮೇಲೆ ಇಷ್ಟು ಭಾಗ ಅಂತ ಭಿನ್ನರಾಶಿ ಲೆಕ್ಕ ಆಗುತ್ತೆ. ಗುಣಾಕಾರದ ಉತ್ತರ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಥರ ಕಾಣೋ ಸಂಖ್ಯೆಗಳೆಂದರೆ ಅವರಿಗೆ ಬಹಳ ಇಷ್ಟ. 152207ನ್ನು 73ರಿಂದ ಗುಣಿಸಿ ನೋಡಿ. ಫೋನ್ ಕ್ಯಾಲ್ಕುಲೇಟರ್ ಸಾಕು, ಎಂಟು ಒಂದುಗಳು ಸಾಲಾಗಿ ನಿಂತಿರುತ್ತವೆ.

ಎನ್‌ಸಿಆರ್ ಸೂತ್ರ ನಮಗೆಲ್ಲ ಪಿಯುಸಿಯಿಂದ ಪರಿಚಯ. ಅದನ್ನು ಯಾವ ಸಂಖ್ಯೆಗೂ ಒಪ್ಪುವ ಸಾಮಾನ್ಯ ನಿಯಮವಾಗಿ ಬರೆದ ಬಹಳ ಹಳೆಯ ಪುಸ್ತಕಗಳಲ್ಲಿ ಇದು ಒಂದು. ಅದಕ್ಕೆ ಕೊಟ್ಟ ಉದಾಹರಣೆ ಆರು ರುಚಿಗಳು: ಸಿಹಿ, ಹುಳಿ, ಉಪ್ಪು, ಕಹಿ, ಖಾರ, ಒಗರು. ಒಂದೊಂದನ್ನೇ ತಗೊಂಡ್ರೆ 6, ಎರಡೆರಡು 15, ಮೂರು ಮೂರು 20, ಆಮೇಲೆ 15, 6, ಕೊನೆಗೆ ಆರೂ ಸೇರಿ 1. ಒಟ್ಟು 63 ಅಡುಗೆ. ಹಾಸ್ಟೆಲ್ ಮೆಸ್‌ನಲ್ಲಿ ಆ 63ರಲ್ಲಿ ಎಷ್ಟು ಸಿಗುತ್ತೆ ಅನ್ನೋ ಲೆಕ್ಕ ನಿಮಗೇ ಬಿಟ್ಟದ್ದು.

ಈಗ ಛಂದಸ್ಸಿಗೆ ಬರೋಣ. ಹೈಸ್ಕೂಲ್‌ನಲ್ಲಿ ಯಮಾತಾರಾಜಭಾನಸಲಗಂ ಬಾಯಿಪಾಠ ಮಾಡಿ, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅದರ ಕಡೆ ತಿರುಗಿಯೂ ನೋಡದವರೇ ನಮ್ಮಲ್ಲಿ ಹೆಚ್ಚು. ಮೂರು ಅಕ್ಷರ, ಪ್ರತಿಯೊಂದೂ ಗುರು ಅಥವಾ ಲಘು, ಒಟ್ಟು ಎಂಟು ಗಣ. ಆ ಎಂಟನ್ನೂ ಕ್ರಮವಾಗಿ ಒಂದರ ಕೆಳಗೆ ಒಂದು ಬರೆದರೆ ಅದು ಪ್ರಸ್ತಾರ. ಕ್ರಮ ಹೀಗೆ: ಮ, ಯ, ರ, ಸ, ತ, ಜ, ಭ, ನ. ಗುರುವಿಗೆ 0, ಲಘುವಿಗೆ 1 ಹಾಕಿ, ಎಡಗಡೆಯ ಅಕ್ಷರವನ್ನು ಬಿಡಿ ಸ್ಥಾನ ಅಂತ ಓದಿ. 0, 1, 2, 3, 4, 5, 6, 7 ಅಂತ ಸಾಲಾಗಿ ಬರುತ್ತೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನ ಟ್ರೂತ್ ಟೇಬಲ್ಲೇ, ಕನ್ನಡಿಯಲ್ಲಿ ನೋಡಿದ ಹಾಗೆ.

ಮೂರು ಅಕ್ಷರಕ್ಕೆ ಎಂಟು ಸಾಲು, ಪಾಟಿ ಮೇಲೆ ಬರೀಬಹುದು. ಆದರೆ ಪಂಪ ಬಳಸಿದ ಉತ್ಪಲಮಾಲೆಯಲ್ಲಿ ಒಂದು ಪಾದಕ್ಕೆ 20 ಅಕ್ಷರ. ಚಂಪಕಮಾಲೆಗೆ 21. ಅದರ ಪ್ರಸ್ತಾರದಲ್ಲಿ ಎಷ್ಟು ಸಾಲು? ಬರೆದು ಎಣಿಸೋದು ಸಾಧ್ಯ ಇಲ್ಲದ ಮಾತು. ಇಲ್ಲಿ ಛಂದಸ್ಸಿನವರು ಆರು ಪ್ರಶ್ನೆ ಹಾಕಿಕೊಂಡಿದ್ದರು, ಅವುಗಳಿಗೆ ಷಟ್‌ಪ್ರತ್ಯಯ ಅಂತ ಹೆಸರು. ಮಹಾವೀರರು ಆ ಆರನ್ನೂ ತಮ್ಮ ಗಣಿತ ಪುಸ್ತಕದ ಆರನೇ ಅಧ್ಯಾಯದ ತುದಿಯಲ್ಲಿ, ಕೆಲವೇ ಪದ್ಯಗಳಲ್ಲಿ ಹಿಡಿದಿಟ್ಟಿದ್ದಾರೆ. ಕಂಪ್ಯೂಟರ್ ಸೈನ್ಸ್ ಓದೋರಿಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ.

ಸಂಖ್ಯೆ ಅನ್ನೋ ಪ್ರತ್ಯಯ ನೋಡಿ. ಟೇಬಲ್ ಬರೆಯದೇ ಎಷ್ಟು ಸಾಲು ಅಂತ ಹೇಳಬೇಕು. 2ನ್ನು 20 ಸಲ ಗುಣಿಸಬಹುದು, ಅದನ್ನು ಯಾರು ಬೇಕಾದ್ರೂ ಹೇಳ್ತಾರೆ. ಇವರು ಹೇಳೋದು ಬೇರೆ: ಅಕ್ಷರಗಳ ಸಂಖ್ಯೆ ಸಮ ಆಗಿದ್ದರೆ ಅರ್ಧ ಮಾಡಿ ಪಕ್ಕದಲ್ಲಿ ಸೊನ್ನೆ ಗುರುತು ಹಾಕಿ, ಬೆಸ ಆಗಿದ್ದರೆ ಒಂದು ಕಳೆದು ಒಂದರ ಗುರುತು ಹಾಕಿ. ಕೆಳಗೆ ತಲುಪಿದ ಮೇಲೆ 1ರಿಂದ ಶುರುಮಾಡಿ ವಾಪಸ್ ಬನ್ನಿ. ಒಂದರ ಗುರುತು ಬಂದರೆ ದ್ವಿಗುಣ, ಸೊನ್ನೆ ಬಂದರೆ ವರ್ಗ. 20ಕ್ಕೆ ಮಾಡೋಣ: 20, 10, 5, 4, 2, 1, 0. ವಾಪಸ್ ಬರುವಾಗ 1, 2, 4, 16, 32, 1024, 10,48,576. ಆರೇ ಹೆಜ್ಜೆ. ಡಿಎಸ್‌ಎ ಇಂಟರ್‌ವ್ಯೂನಲ್ಲಿ ಫಾಸ್ಟ್ ಎಕ್ಸ್‌ಪೊನೆನ್ಶಿಯೇಶನ್ ಅಂತ ಕೇಳೋದು ಇದನ್ನೇ.

ನಷ್ಟ ಅನ್ನೋದು ಇನ್ನೊಂದು. ಟೇಬಲ್‌ನ ಇಷ್ಟನೇ ಸಾಲು ಅಳಿಸಿಹೋಗಿದೆ, ಅದರಲ್ಲಿ ಏನಿತ್ತು? 6ನೇ ಸಾಲು ಬೇಕು ಅಂತಿಟ್ಕೊಳ್ಳಿ. 6 ಸಮ, ಲಘು, ಅರ್ಧ ಮಾಡಿದರೆ 3. 3 ಬೆಸ, ಗುರು, ಒಂದು ಸೇರಿಸಿ ಅರ್ಧ ಮಾಡಿದರೆ 2. 2 ಸಮ, ಲಘು. ಲಘು ಗುರು ಲಘು, ಅಂದರೆ ಜ ಗಣ. ಮೇಲಿನ ಪಟ್ಟಿಯಲ್ಲಿ ಎಣಿಸಿ, ಜ ಆರನೆಯದೇ. ಮಹಾವೀರರಲ್ಲಿ ಒಂದು ವಿಶೇಷ ಇದೆ. ಬೇರೆಯವರು ಪ್ರಸ್ತಾರ ಬರೆಯೋಕೆ ಮೇಲಿನ ಸಾಲು ನೋಡಿ ಕೆಳಗಿನ ಸಾಲು ಮಾಡೋ ನಿಯಮ ಕೊಟ್ಟರು. ಇವರು ಪ್ರಸ್ತಾರವನ್ನೂ ಇದೇ ಅರ್ಧ ಮಾಡೋ ನಿಯಮದಿಂದಲೇ ಕಟ್ಟುತ್ತಾರೆ, ಸಾಲಿನ ನಂಬರ್ ಕೊಟ್ಟರೆ ಸಾಲು ಬರುತ್ತೆ. ಹಿಂದಿನ ಸಾಲು ಬೇಕಾಗೇ ಇಲ್ಲ.

ಉದ್ದಿಷ್ಟ ಇದರ ಉಲ್ಟಾ. ಸಾಲು ಗೊತ್ತು, ನಂಬರ್ ಬೇಕು. ಅಕ್ಷರಗಳ ಮೇಲೆ 1, 2, 4, 8 ಅಂತ ಬರೆದು, ಲಘುಗಳ ಮೇಲಿರೋದನ್ನು ಕೂಡಿ, ಒಂದು ಸೇರಿಸಿ. ಜ ಗಣಕ್ಕೆ 1 ಮತ್ತು 4 ಕೂಡಿ, ಮೇಲೊಂದು, 6. ಕೊನೆಯಲ್ಲಿ ಯಾಕೆ ಒಂದು ಸೇರಿಸ್ತಾರೆ ಅಂದ್ರೆ ಅವರ ಇಂಡೆಕ್ಸ್ ಒಂದರಿಂದ ಶುರು, ಸಿ ಥರ ಸೊನ್ನೆಯಿಂದ ಅಲ್ಲ. ಉತ್ಪಲಮಾಲೆಯನ್ನು ಈ ನಿಯಮಕ್ಕೆ ಹಾಕಿದರೆ 3,55,799 ಬರುತ್ತೆ. ಹತ್ತು ಲಕ್ಷ ನಲವತ್ತೆಂಟು ಸಾವಿರ ಚಿಲ್ಲರೆ ಸಾಲುಗಳಲ್ಲಿ ಅದು ಇಷ್ಟನೆಯದು. ಅದರ ಮೊದಲ ಗುರುವನ್ನು ಒಡೆದು ಎರಡು ಲಘು ಮಾಡಿದರೆ ಚಂಪಕಮಾಲೆ, 21 ಅಕ್ಷರದ ಟೇಬಲ್‌ನಲ್ಲಿ ಅದರ ನಂಬರ್ 7,11,600. ಪೆನ್ನು ಪೇಪರ್ ತಗೊಂಡು ಮಾಡಿ ನೋಡಿ, ಹತ್ತು ನಿಮಿಷದ ಕೆಲಸ. ಲಗಕ್ರಿಯೆ ಅನ್ನೋ ಪ್ರತ್ಯಯ ಇಂತಿಷ್ಟು ಲಘು ಇರೋ ಸಾಲು ಎಷ್ಟು ಅಂತ ಕೇಳುತ್ತೆ, ಅಲ್ಲಿ ಆರು ರುಚಿಯ ಸೂತ್ರವೇ ವಾಪಸ್ ಬರುತ್ತೆ.

ಆರನೆಯದು ಅಧ್ವ. ಅಧ್ವ ಅಂದರೆ ದಾರಿ. ಪ್ರಸ್ತಾರವನ್ನು ನಿಜವಾಗಿ ಬರೆಯಬೇಕಾದರೆ ಎಷ್ಟು ಜಾಗ ಬೇಕು? ಅರೇಗೆ ಮೆಮೊರಿ ಎಷ್ಟು ಅಂತ ಕೇಳಿದ ಹಾಗೇ. ನಿಯಮ ಬಹಳ ಚಿಕ್ಕದು: ಸಾಲುಗಳ ಸಂಖ್ಯೆಯನ್ನು ದ್ವಿಗುಣ ಮಾಡಿ ಒಂದು ಕಳೆಯಿರಿ. ಛಂದಸ್ಸಿನ ಟೀಕಾಕಾರರು ವಿವರಿಸೋ ಹಾಗೆ ಪ್ರತಿ ಸಾಲಿಗೆ ಒಂದು ಅಂಗುಲ, ಎರಡು ಸಾಲಿನ ನಡುವೆ ಒಂದು ಅಂಗುಲ ಖಾಲಿ. ಎಂಟು ಸಾಲಿಗೆ 8 ಅಂಗುಲ, ನಡುವಿನ ಖಾಲಿ ಜಾಗ ಏಳೇ, ಒಟ್ಟು 15. ಆ ಕಳೆಯೋ ಒಂದರಲ್ಲೇ ವಿಷಯ ಇರೋದು. ಹತ್ತು ಕಂಬಕ್ಕೆ ನಡುವಿನ ಜಾಗ ಒಂಬತ್ತು ಅನ್ನೋದನ್ನು ಮರೆತು ಲೂಪ್ ಬರೆದು ಒಂದು ಮನೆ ಆಚೆ ಹೋಗೋದು ಇವತ್ತಿಗೂ ನಿಂತಿಲ್ಲ. ಜೊತೆಗೆ ಇನ್ನೊಂದು ತಮಾಷೆ: ಅಧ್ವದ ಉತ್ತರ ಬೈನರಿಯಲ್ಲಿ ಯಾವಾಗಲೂ ಬರೀ ಒಂದುಗಳು. 14 ಅಕ್ಷರದ ವಸಂತತಿಲಕಕ್ಕೆ 16,384 ಸಾಲು, ಅಧ್ವ 32,767. ಟರ್ಬೋ ಸಿ ಬಳಸಿದವರಿಗೆ ಆ ಸಂಖ್ಯೆ ಎಲ್ಲೋ ನೋಡಿದ ಹಾಗಿರುತ್ತೆ. ಅಲ್ಲಿ ಇಂಟಿಜರ್‌ನ ಕೊನೆ ಮಿತಿ ಅದೇ.

ಈ ದಾರಿ ಎಷ್ಟು ಉದ್ದ ಅನ್ನೋದನ್ನು ನಮ್ಮ ಜಿಲ್ಲೆಯ ಮೇಲೇ ಇಟ್ಟು ನೋಡೋಣ. ರಾಮನಾಥಪುರಕ್ಕೆ ಹೋದವರಿಗೆ ರಾಮೇಶ್ವರ ದೇವಸ್ಥಾನ, ಕಾವೇರಿ ದಂಡೆ, ಆ ಮೀನುಗಳು ಗೊತ್ತೇ ಇದೆ. ಹೊಳೆ ದಂಡೆಯ ಮರಳಿನ ಮೇಲೆ ಬೆರಳಲ್ಲಿ ಉತ್ಪಲಮಾಲೆಯ ಪ್ರಸ್ತಾರ ಬರೆಯೋಕೆ ಶುರುಮಾಡ್ತೀವಿ ಅಂತಿಟ್ಕೊಳ್ಳಿ. ಅಂಗುಲ ಅಂದ್ರೆ ಬೆರಳಿನ ಅಗಲ, ಲೆಕ್ಕ ಸುಲಭ ಆಗಲಿ ಅಂತ 2 ಸೆಂಟಿಮೀಟರ್ ಹಿಡಿಯೋಣ. ಅಧ್ವ 20,97,151 ಅಂಗುಲ, ಹತ್ತಿರ ಹತ್ತಿರ 42 ಕಿಲೋಮೀಟರ್. ಹೊಳೆ ಬಿಟ್ಟು ರಸ್ತೆ ಹಿಡಿದು, ಅರಕಲಗೂಡು ದಾಟಿ, ಹಾಸನ ಇನ್ನೇನು ಬಂತು ಅನ್ನುವಷ್ಟು ದೂರ. ಇದರಲ್ಲಿ ಉತ್ಪಲಮಾಲೆಯ ಸಾಲು ಎಲ್ಲಿರುತ್ತೆ? ನಂಬರ್‌ನಿಂದ ಒಂದು ಕಳೆದು ಎರಡರಿಂದ ಗುಣಿಸಿ: 7,11,596 ಅಂಗುಲ. ಶುರುವಾದ ಜಾಗದಿಂದ 14 ಕಿಲೋಮೀಟರ್ ದಾಟಿ 230 ಮೀಟರ್. ಬೇಸ್ ಅಡ್ರೆಸ್‌ಗೆ ಇಂಡೆಕ್ಸ್ ಗುಣಿಸು ಅಳತೆ ಕೂಡಿಸಿ ಮನೆ ಹುಡುಕೋದು ಅಂದರೆ ಇದೇ ಅಲ್ವಾ! 42 ಕಿಲೋಮೀಟರ್ ಬರೆಯದೇ ನೇರ ಅಲ್ಲಿಗೇ ಹೋಗಿ ನಿಲ್ಲಬಹುದು. ಚಂಪಕಮಾಲೆಗೆ ಒಂದೇ ಅಕ್ಷರ ಜಾಸ್ತಿ, ದಾರಿ 84 ಕಿಲೋಮೀಟರ್ ಆಗುತ್ತೆ. ಸಂಸ್ಕೃತದ ಸಾಮಾನ್ಯ ವೃತ್ತಗಳ ಕೊನೆ ಮಿತಿ 26 ಅಕ್ಷರ: 6,71,08,864 ಸಾಲು, 13,42,17,727 ಅಂಗುಲ, 2,684 ಕಿಲೋಮೀಟರ್. ತಲಕಾವೇರಿಯಿಂದ ಸಮುದ್ರದವರೆಗೆ ಕಾವೇರಿ ಇರೋದೇ ಸುಮಾರು 800. ಹೊಳೆಯ ಉದ್ದಕ್ಕೂ ಮೂರು ಸಲ ಬರೆದರೂ ಟೇಬಲ್ ಮುಗಿಯಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಯಾಕಂದ್ರೆ ಇಂಥದ್ದು ಓದಿದ ತಕ್ಷಣ ಕಂಪ್ಯೂಟರ್ ಕಂಡುಹಿಡಿದದ್ದೇ ನಾವು ಅಂತ ವಾಟ್ಸಾಪ್ ಫಾರ್ವರ್ಡ್ ರೆಡಿಯಾಗುತ್ತೆ. ಪ್ರಸ್ತಾರದ ವಿಚಾರ ಮಹಾವೀರರ ಸ್ವಂತದ್ದಲ್ಲ. ಕ್ರಿಸ್ತಪೂರ್ವ ಕಾಲದ ಪಿಂಗಳನ ಛಂದಶ್ಶಾಸ್ತ್ರದಲ್ಲೇ ಅರ್ಧ ಮಾಡೋ, ವರ್ಗ ಮಾಡೋ ನಿಯಮ ಇದೆ. ಅಧ್ವ ಸೇರಿ ಆರೂ ಪ್ರತ್ಯಯಗಳ ಬಗ್ಗೆ ಇವರಿಗಿಂತ ಮುಂಚೆ ವಿರಹಾಂಕ ಬರೆದಿದ್ದ. ಮೆಷಿನ್, ಮೆಮೊರಿ, ಪ್ರೋಗ್ರಾಂ ಯಾವುದೂ ಆಗ ಇರಲಿಲ್ಲ. ಇವರು ಮಾಡಿದ್ದು ಏನಂದ್ರೆ ಕವಿಗಳ ಪುಸ್ತಕದಲ್ಲಿದ್ದ ವಿಷಯವನ್ನು ಗಣಿತದ ಪುಸ್ತಕಕ್ಕೆ ತಂದು, ತಮ್ಮದೇ ಸಾಮಾನ್ಯ ನಿಯಮಗಳ ಜೊತೆ ಜೋಡಿಸಿದ್ದು. ಗುಣೋತ್ತರ ಶ್ರೇಢಿಗೆ ಎರಡನೇ ಅಧ್ಯಾಯದಲ್ಲಿ ಕೊಟ್ಟ ವರ್ಗದ ನಿಯಮ, ರುಚಿಗಳಿಗೆ ಕೊಟ್ಟ ಆಯ್ಕೆಯ ನಿಯಮ, ಎರಡೂ ಇಲ್ಲಿ ಮತ್ತೆ ಕೆಲಸಕ್ಕೆ ಬರ್ತವೆ. ಒಂದು ಸಲ ಬರೆದ ಫಂಕ್ಷನ್ನನ್ನು ಇನ್ನೊಂದು ಕಡೆ ಕರೆದ ಹಾಗೆ. ನನಗೆ ಇದು ಯಾವ ಫಾರ್ವರ್ಡ್‌ಗಿಂತಲೂ ದೊಡ್ಡದಾಗಿ ಕಾಣುತ್ತೆ.

ತಪ್ಪೂ ಇದೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತೆ ಅಂತ ಮಹಾವೀರರು ಬರೆದಿದ್ದಾರೆ. ಏನೂ ಇಲ್ಲದರಿಂದ ಭಾಗಿಸಿದರೆ ಏನೂ ಆಗಲ್ಲ ಅಂದುಕೊಂಡಿರಬೇಕು. ಮುನ್ನೂರು ವರ್ಷದ ನಂತರ ಭಾಸ್ಕರಾಚಾರ್ಯ ಅದನ್ನು ಬೇರೆ ರೀತಿ ನೋಡಿ ಅನಂತದ ಕಡೆ ಕೈ ತೋರಿಸಿದ. ಅದೇ ಮಹಾವೀರರು ಋಣ ಸಂಖ್ಯೆಗೆ ವರ್ಗಮೂಲ ಇಲ್ಲ, ಯಾಕಂದ್ರೆ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ ಅಂತ ಬಹಳ ಸ್ಪಷ್ಟವಾಗಿ ಹೇಳಿದ್ದೂ ಇದೇ ಪುಸ್ತಕದಲ್ಲೇ.

ಅವರು ಯಾವಾಗ ತೀರಿಕೊಂಡರು ಅನ್ನೋದಕ್ಕೂ ದಾಖಲೆ ಇಲ್ಲ. ಪುಸ್ತಕ ಮಾತ್ರ ತಾಳೆಗರಿ ಮೇಲೆ ಓಡಾಡ್ತಾ ಇತ್ತು. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ಒಂದನೇ ನಾಗವರ್ಮ ಹತ್ತನೇ ಶತಮಾನದ ಕೊನೆಯಲ್ಲಿ ಛಂದೋಂಬುಧಿ ಬರೆದಾಗ ಷಟ್‌ಪ್ರತ್ಯಯಗಳಿಗೆ ಒಂದು ಅಧಿಕಾರವನ್ನೇ ಕೊಟ್ಟ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತ ಬರೆದು ಕನ್ನಡದಲ್ಲೇ ಗಣಿತ ಹೇಳಬಹುದು ಅಂತ ತೋರಿಸಿದ. ಆಮೇಲೆ ಬಹಳ ಕಾಲ ಗಣಿತಸಾರಸಂಗ್ರಹ ಹೊರಜಗತ್ತಿಗೆ ಕಾಣಲಿಲ್ಲ. ಮದರಾಸಿನಲ್ಲಿ ಪ್ರೊಫೆಸರ್ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕೂಡಿಸಿ, ಒಂದನ್ನೊಂದು ತಾಳೆ ನೋಡಿ, ಇಂಗ್ಲಿಷ್ ಅನುವಾದದ ಜೊತೆ 1912ರಲ್ಲಿ ಅಚ್ಚು ಹಾಕಿಸಿದರು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪೀಠಿಕೆ ಬರೆದರು. ಕನ್ನಡ ಅನುವಾದ ಸೇರಿಸಿದ ಆವೃತ್ತಿ ಹೊಂಬುಜದಿಂದ 2000ದಲ್ಲಿ ಬಂತು, ಮಾಡಿದವರು ಪದ್ಮಾವತಮ್ಮ. ಸಿಕ್ಕರೆ ಆರನೇ ಅಧ್ಯಾಯದ ಕೊನೆಗೇ ನೇರ ಹೋಗಿ. ಹಿಂದಿನ ಐದು ಅಧ್ಯಾಯ ಓದದೇ ಹೋದರೂ ಅರ್ಥ ಆಗುತ್ತೆ, ಅಲ್ಲೂ ಹಿಂದಿನ ಸಾಲು ಬೇಕಾಗಲ್ಲ.